ಟ್ರಿಪ್ಪಿನ ಪಟ್ಟಿ ಯಾರು ಬರೆದದ್ದು?

ಗಾಡಿಗಳ ಟ್ರಿಪ್ಪಿನ ಲೆಕ್ಕ ಈಗ ಕಂಪ್ಯೂಟರಿಗೆ ಏರಿದೆ. ಏರಲಿ, ನಮ್ಮ ವಿರೋಧವಿಲ್ಲ. ಗಾಡಿಗೊಂದು, ಡ್ರೈವರಿಗೊಂದು, ಸ್ಥಳಕ್ಕೊಂದು ಕೋಷ್ಟಕ. ಟ್ರಿಪ್ಪಿನ ಕೋಷ್ಟಕದಲ್ಲಿ ಅವುಗಳ ನಂಬರು ಮಾತ್ರ. ಈ ಬಗೆಯ ಜೋಡಣೆಗೆ 1970ರಲ್ಲಿ ತಳಹದಿ ಹಾಕಿದವರು ಐ.ಬಿ.ಎಂ.ನ ಕಾಡ್ ಎಂಬವರು. ವಾಶಿ ಎಂದು ಆರಿಸಿದರೆ ಮುಂದಿನ ಪಟ್ಟಿಯಲ್ಲಿ ವಾಶಿಯ ಮಾರ್ಕೆಟ್ಟುಗಳೇ ಇಳಿಯುತ್ತವೆ, ದಾದರಿನವು ಕಾಣವು. ತಪ್ಪು ಕಡಿಮೆ, ಒಪ್ಪೋಣ.

ಆದರೆ ಪಟ್ಟಿಯಲ್ಲಿಲ್ಲದ್ದನ್ನು ಆರಿಸುವುದೆಂತು? ‘ಹೊರಟದ್ದು’, ‘ತಲುಪಿದ್ದು’ ಎರಡೇ ಇದ್ದರೆ, ಈರುಳ್ಳಿ ಮೂಟೆ ಏರಿಸಿದ ಎರಡು ತಾಸು ಎಲ್ಲಿ ಹೋಯಿತು? ಧಣಿಗಳ ಕಿಸೆಗೇ! 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಗಾಡಿ ಓಡಿದ ಹೊತ್ತಿನೊಡನೆ ಸರಕಿನ ಕೆಲಸವನ್ನೂ ದುಡಿಮೆಯೆಂದೇ ಎಣಿಸಿತ್ತು. ‘ಏರಿಕೆ’, ‘ಇಳಿಕೆ’ ಎಂಬೆರಡು ಹೆಸರು ಪಟ್ಟಿಗೆ ಸೇರಿಸಲು ಖರ್ಚೇನೂ ಇಲ್ಲ. ಪಟ್ಟಿ ಮಾಡುವ ದಿನವೇ ಡ್ರೈವರು, ಹಮಾಲರನ್ನು ಕರೆದು ಕೇಳಬೇಕೆಂದು ನಮ್ಮ ಒತ್ತಾಯ.