ಬಡವರ ವಸತಿಯ ಮರುನಿರ್ಮಾಣ: ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ?

2013ರ ಜನವರಿಯ ಮೂರನೇ ವಾರದಲ್ಲಿ ಬೆಂಗಳೂರಿನ ಈಜಿಪುರಕ್ಕೆ ಜೆಸಿಬಿಗಳು ನುಗ್ಗಿದಾಗ ನೆಲಸಮವಾದದ್ದು ತಗಡಿನ ಶೆಡ್‌ಗಳು. ಬೀದಿಗೆ ಬಿದ್ದದ್ದು ಸಾವಿರಕ್ಕೂ ಹೆಚ್ಚು ಕುಟುಂಬಗಳು. ಪೊಲೀಸ್ ಕಾವಲಿನಲ್ಲಿ ನಡೆದ ಆ ತೆರವಿನ ಕುರಿತ ಚರ್ಚೆ ಬಹುಪಾಲು ಕಾರ್ಯಾಚರಣೆಯ ಕ್ರೌರ್ಯದ ಸುತ್ತಲೇ ಸುತ್ತಿತು. ಅದು ಸಹಜವೂ ಹೌದು. ಆದರೆ ಜೆಸಿಬಿ ಬರುವುದಕ್ಕೆ ಬಹಳ ಮೊದಲೇ, ಕಚೇರಿಯ ಕಡತದಲ್ಲಿ, ಯಾರು ಅಲ್ಲಿನ ನಿವಾಸಿ, ಯಾರು ಅಲ್ಲ ಎಂಬುದು ತೀರ್ಮಾನವಾಗಿಹೋಗಿತ್ತು. ಅದರತ್ತ ಗಮನ ಹರಿದದ್ದು ಕಡಿಮೆ.

ಆರ್ಥಿಕವಾಗಿ ದುರ್ಬಲರಾದವರಿಗೆಂದು ಈಜಿಪುರದಲ್ಲಿ 1990ರ ದಶಕದ ಆರಂಭದಲ್ಲಿ ಕಟ್ಟಿದ ಕ್ವಾರ್ಟರ್ಸ್‌ನಲ್ಲಿ 42 ಬ್ಲಾಕುಗಳು, 1,512 ಮನೆಗಳಿದ್ದವು. ಎರಡು ದಶಕ ತುಂಬುವ ಮೊದಲೇ ಗೋಡೆಗಳು ಬಿರುಕು ಬಿಟ್ಟವು, ಬ್ಲಾಕುಗಳು ಕುಸಿದವು. ಮನೆ ಕಳೆದುಕೊಂಡವರು ಅದೇ ಆವರಣದಲ್ಲಿ ತಗಡಿನ ಶೆಡ್ ಸೇರಿದರು. ಪಾಲಿಕೆ ಆರಿಸಿಕೊಂಡ ದಾರಿ ಸಾರ್ವಜನಿಕ-ಖಾಸಗಿ ಸಹಭಾಗಿತ್ವ. ಜಾಗದ ಒಂದು ಭಾಗ ವಾಣಿಜ್ಯ ಬಳಕೆಗೆ ಖಾಸಗಿ ಸಂಸ್ಥೆಗೆ. ಅದಕ್ಕೆ ಪ್ರತಿಯಾಗಿ ಉಳಿದ ಭಾಗದಲ್ಲಿ ಆ ಸಂಸ್ಥೆ ಬಡವರಿಗೆ ಮನೆ ಕಟ್ಟಿಕೊಡಬೇಕು. ತೆರವಿಗೆ ಹೈಕೋರ್ಟ್ ಆದೇಶವೂ ಇತ್ತು. ಕಾಗದದ ಮೇಲೆ ಎಲ್ಲವೂ ಕ್ರಮಬದ್ಧ.

ತೊಡಕು ಇದ್ದದ್ದು ಪಟ್ಟಿಯಲ್ಲಿ. ಹೊಸ ಮನೆಯ ಭರವಸೆ ಮೂಲ ಫಲಾನುಭವಿಗಳಿಗೆ ಮಾತ್ರ. ಅವರಲ್ಲಿ ಹಲವರು ಮನೆಯನ್ನು ಬಾಡಿಗೆಗೆ ಕೊಟ್ಟು, ಇಲ್ಲವೇ ಜಿಪಿಎ ಮೇಲೆ ಮಾರಿ ಬೇರೆಡೆಗೆ ಹೋಗಿದ್ದರು. ಶೆಡ್‌ಗಳಲ್ಲಿ ನಿಜವಾಗಿ ಬದುಕುತ್ತಿದ್ದವರ ಪೈಕಿ ಬಾಡಿಗೆದಾರರು, ಜಿಪಿಎ ಖರೀದಿದಾರರು ಬಹುಸಂಖ್ಯೆಯಲ್ಲಿದ್ದರು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಕಟ್ಟಡ ಕಾರ್ಮಿಕರು, ಆಟೊ ಓಡಿಸುವವರು. ಕಡತದ ಪ್ರಕಾರ ಇವರು ಅಲ್ಲಿ ಇರಲೇ ಇಲ್ಲ! ಇಲ್ಲದವರನ್ನು ಕೇಳುವ ಪ್ರಶ್ನೆಯೇ ಏಳುವುದಿಲ್ಲವಲ್ಲ. ತೆರವಿನ ನಂತರ ಇವರಿಗೆ ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಯಲ್ಲಿ ಮನೆ ಕೊಡುವ ಮಾತು ಬಂತು. ಬೆಳಗಿನ ಆರಕ್ಕೇ ಕೋರಮಂಗಲದಲ್ಲಿ ಕೆಲಸ ಹಿಡಿಯಬೇಕಾದ ಹೆಂಗಸಿಗೆ ಆ ದೂರದ ಅರ್ಥವೇನೆಂದು ಯೋಜನೆ ರೂಪಿಸುವಾಗಲೇ ಕೇಳಿದ್ದರೆ ಉತ್ತರ ಅಂದೇ ಸಿಗುತ್ತಿತ್ತು. ಅನೇಕ ಕುಟುಂಬಗಳು ಬೇಲಿಯ ಹೊರಗಿನ ಫುಟ್‌ಪಾತ್‌ನಲ್ಲೇ ಬಹುಕಾಲ ಉಳಿದವು.

ಇಲ್ಲೊಂದು ವಿಪರ್ಯಾಸವಿದೆ. 2014ರ ಜನವರಿ 1ರಂದು ಜಾರಿಗೆ ಬಂದ ಕೇಂದ್ರದ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಯೋಜನೆಗೆ ಜಮೀನು ಪಡೆಯಲು ಬಾಧಿತ ಕುಟುಂಬಗಳಲ್ಲಿ ಕನಿಷ್ಠ ಶೇ 70ರಷ್ಟು ಒಪ್ಪಿಗೆ ಬೇಕು. ಖಾಸಗಿ ಕಂಪನಿಯದಾದರೆ ಶೇ 80. ಜೊತೆಗೆ ಸಾಮಾಜಿಕ ಪರಿಣಾಮದ ಅಧ್ಯಯನ. ಕೆಲವು ರಾಜ್ಯಗಳು ಆಮೇಲೆ ಇದನ್ನು ಸಡಿಲಗೊಳಿಸಿದವು ಎಂಬುದು ಬೇರೆ ಮಾತು. ಆದರೆ ಭೂಮಿ ಸರ್ಕಾರದ್ದೇ ಆಗಿದ್ದರೆ ಸ್ವಾಧೀನದ ಮಾತೇ ಬರುವುದಿಲ್ಲ, ಹಾಗಾಗಿ ಈ ಕಾಯ್ದೆಯ ರಕ್ಷಣೆಯೂ ಇಲ್ಲ. ಜಮೀನುಳ್ಳ ರೈತನನ್ನು ಕೇಳಬೇಕು. ಸರ್ಕಾರಿ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದ ಬಡವನನ್ನು ಕೇಳಬೇಕಿಲ್ಲ.

ಬೇರೆಡೆ ಹೇಗಿದೆ? ಲಂಡನ್ನಿನಲ್ಲಿ 2018ರ ಜುಲೈನಿಂದ ಒಂದು ನಿಯಮವಿದೆ. ಮೇಯರ್ ಆಡಳಿತದ ಹಣ ಪಡೆದು ಸಾರ್ವಜನಿಕ ವಸತಿಯನ್ನು ಕೆಡವಿ, 150 ಅಥವಾ ಹೆಚ್ಚು ಮನೆ ಕಟ್ಟುವ ಯೋಜನೆಗೆ ನಿವಾಸಿಗಳ ಮತದಾನ ಕಡ್ಡಾಯ. ಮತದಾನಕ್ಕೆ ಮೊದಲು ಎಷ್ಟು ಮನೆ, ಯಾವ ಬಗೆಯ ಬಾಡಿಗೆ, ಮರಳಿ ಬರುವ ಹಕ್ಕು ಯಾರಿಗೆ ಎಂಬುದನ್ನು ಲಿಖಿತವಾಗಿ ನಿವಾಸಿಗಳ ಮುಂದಿಡಬೇಕು. ಹದಿನಾರು ತುಂಬಿದವರಿಗೆ ಮತವಿದೆ. ಅಲ್ಲಿ ಖಾಸಗಿ ಬಾಡಿಗೆಗೆ ಇರುವವರೂ ಸ್ಥಳೀಯ ವಸತಿ ಕೋರಿಕೆಯ ಪಟ್ಟಿಯಲ್ಲಿ ಒಂದು ವರ್ಷದಿಂದ ಇದ್ದರೆ ಮತ ಹಾಕಬಹುದು. ಈಜಿಪುರದಲ್ಲಿ ಲೆಕ್ಕಕ್ಕೇ ಸಿಗದವರು ಇಂಥವರೇ. ಮೇಯರ್ ಹಣ ಪಡೆಯದ ಯೋಜನೆಗಳಿಗೆ ನಿಯಮ ಅನ್ವಯಿಸದಿರುವುದು ಅದರ ದೊಡ್ಡ ದೌರ್ಬಲ್ಯ. ಆದರೂ ನಡೆದ ಮತದಾನಗಳಲ್ಲಿ ಬಹುಪಾಲು ಮರುನಿರ್ಮಾಣದ ಪರವಾಗಿಯೇ ಬಂದಿವೆ. ಕೇಳಿದರೆ ಜನ ಬೇಡವೆನ್ನುತ್ತಾರೆ ಎಂಬ ನಮ್ಮ ಅಧಿಕಾರಿಗಳ ಅಂಜಿಕೆಗೆ ಆಧಾರ ಕಡಿಮೆ.

ಲಂಡನ್ ದೂರವಾಯಿತೆನ್ನುವವರು ಮುಂಬಯಿಯ ಬಿಡಿಡಿ ಚಾಳುಗಳನ್ನು ನೋಡಬಹುದು. 1920ರ ದಶಕದ ಈ ಚಾಳುಗಳಲ್ಲಿ ಸುಮಾರು 160 ಚದರಡಿಯ ಒಂಟಿ ಕೋಣೆಗಳಲ್ಲಿ ಇದ್ದವರೆಲ್ಲ ಸರ್ಕಾರದ ಬಾಡಿಗೆದಾರರು. ಅಲ್ಲಿ ಬಾಡಿಗೆದಾರನೇ ಹಕ್ಕುದಾರ. ಅವನಿಗೆ 500 ಚದರಡಿಯ ಸ್ವಂತ ಮನೆ. 2017ರಲ್ಲಿ ಭೂಮಿಪೂಜೆಯಾದ ಯೋಜನೆಯಲ್ಲಿ ವರ್ಳಿಯ ಮೊದಲ 556 ಕುಟುಂಬಗಳಿಗೆ ಕೀಲಿಕೈ ಸಿಕ್ಕಿದ್ದು 2025ರ ಆಗಸ್ಟ್‌ನಲ್ಲಿ. ತಡವಾಯಿತು, ನಿಜ. ಹಾಗೆಂದು ಯಾರನ್ನೂ ಕೇಳದೆ ಮುಂದುವರಿದ ಈಜಿಪುರದಲ್ಲೇನು ಬೇಗ ಆಯಿತೇ? ತೆರವಾದ ಜಾಗ ವರ್ಷಗಟ್ಟಲೆ ಬೇಲಿಯೊಳಗೆ ಪಾಳು ಬಿದ್ದಿತ್ತು.

ನಮ್ಮಲ್ಲಿ ಕೇಳುವ ವೇದಿಕೆಯೇ ಇಲ್ಲವೆಂದಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯ ದಾರಿ ತೋರಿಸಿದೆ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಬೆಂಗಳೂರು ಮಹಾನಗರ ಪಾಲಿಕೆ, 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾಯಿತ ಸದಸ್ಯರಿಲ್ಲದೆಯೇ ನಡೆಯಿತು. ಕಾರ್ಪೊರೇಟರೇ ಇಲ್ಲದ ವಾರ್ಡಿನಲ್ಲಿ ನಿವಾಸಿ ತನ್ನ ಮಾತನ್ನು ಎಲ್ಲಿಗೆ ಒಯ್ಯಬೇಕು?

ರಾಜ್ಯದ ನಗರಗಳಲ್ಲಿ ಪಾಲಿಕೆಗಳು, ಗೃಹಮಂಡಳಿ ಮತ್ತು ಕೊಳಗೇರಿ ಮಂಡಳಿ ಕಟ್ಟಿದ ಹಳೆಯ ಸಮುಚ್ಚಯಗಳ ಸರದಿ ಇನ್ನೂ ಬರಲಿದೆ. ಟೆಂಡರ್ ಕರೆಯುವ ಮೊದಲೇ ಮನೆಮನೆ ಸಮೀಕ್ಷೆ ನಡೆದು, ಬಾಡಿಗೆದಾರರನ್ನೂ ಸೇರಿಸಿದ ಪಟ್ಟಿಯನ್ನು ಆವರಣದಲ್ಲೇ ಅಂಟಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಡುವುದು ಕಷ್ಟದ ಕೆಲಸವೇನಲ್ಲ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ನಡೆಯುವ ಸಭೆಯಲ್ಲಿ ಬಣ್ಣ ಯಾವುದಿರಲಿ ಎಂದು ಕೇಳಬಹುದಷ್ಟೆ. ಎಷ್ಟು ಅಂತಸ್ತು, ಲಿಫ್ಟ್ ಮತ್ತು ನೀರಿನ ಪಂಪಿನ ವಿದ್ಯುತ್ ಬಿಲ್ಲು ಯಾರ ಪಾಲಿಗೆ, ಕಟ್ಟುವ ಎರಡು ಮೂರು ವರ್ಷ ಮಕ್ಕಳು ಯಾವ ಶಾಲೆಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಜಾಗವಿರುವುದು ಸಹಿಗೆ ಮೊದಲು.