ಗೋಡೆಗೆ ಬಣ್ಣ, ದಾಖಲೆಗೆ ಗೆದ್ದಲು

ಹಳಿಯಾಳ-ದಾಂಡೇಲಿ ಭಾಗದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಬ್ಯಾಪ್ಟಿಸ್ಟ್ ಸಭೆಯ ಸ್ಮರಣ ಸಂಚಿಕೆಯ ಕರಡನ್ನು ತಿದ್ದಿಸಿಕೊಳ್ಳಲು ತಂದಿದ್ದ. ಕಾಗುಣಿತ ತಿದ್ದಿದೆ. ಆದರೆ ‘ನಮ್ಮ ಚರಿತ್ರೆ’ ಎಂಬ ಶೀರ್ಷಿಕೆಯ ಕೆಳಗೆ ಇದ್ದುದು ಹೊಸ ಕಟ್ಟಡದ ವೆಚ್ಚ, ದಾನಿಗಳ ಭಾವಚಿತ್ರ, ಅತಿಥಿಗಳ ಪಟ್ಟಿ. ಹಳೆಯ ಹಂಚಿನ ಪ್ರಾರ್ಥನಾಲಯವನ್ನು ಕಟ್ಟಿದವರು ಯಾರು? ಮೊದಲು ದೀಕ್ಷಾಸ್ನಾನ ಪಡೆದವರು ಯಾರು, ಯಾವ ಹೊಳೆಯಲ್ಲಿ? ಒಂದಕ್ಷರವಿಲ್ಲ. ಹಳೆಯ ರಿಜಿಸ್ಟರ್ ಎಲ್ಲಿ ಎಂದು ಕೇಳಿದೆ.

“ಗೆದ್ದಲು ತಿಂದಿತ್ರಿ ಸರ್. ಹಳೇ ಹಾಲ್ ಕೆಡವಿದಾಗ ಕಸದ ಕೂಡ ಸುಟ್ಟುಬಿಟ್ವಿ.”

ಇದನ್ನು ಅಜ್ಞಾನವೆಂದು ಕ್ಷಮಿಸಲಾರೆ. ಬ್ಯಾಪ್ಟಿಸ್ಟ್ ಪದ್ಧತಿಯಲ್ಲಿ ಪ್ರತಿಯೊಂದು ಸಭೆಯೂ ತನ್ನ ಆಡಳಿತಕ್ಕೆ ತಾನೇ ಒಡೆಯ. ಆದುದರಿಂದಲೇ ಸಭೆಯ ಬೀರುವಿನಲ್ಲಿ ಉಳಿಯದ ದಾಖಲೆ ಬೇರೆಲ್ಲಿಯೂ ಸಿಗುವುದು ದುರ್ಲಭ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದುದನ್ನು ನಾವು ಬಲ್ಲೆವು, ಏಕೆಂದರೆ ಅವರ ಕಾಗದಪತ್ರಗಳು ಬಾಸೆಲ್ ನಗರದಲ್ಲಿ ಇಂದಿಗೂ ಭದ್ರವಾಗಿವೆ. (ನಮ್ಮ ಜನರೋ, ಬ್ಯಾಪ್ಟಿಸ್ಟ್ ಬಾಸೆಲ್ ಎರಡೂ ಒಂದೇ ಎಂದು ತಿಳಿದಿದ್ದಾರೆ!)

“ಸಣ್ಣ ಸಭೆಗೆ ಎಂಥಾ ಚರಿತ್ರೆ ಸರ್?” ಎಂದ. ಬಂಗಾಳದ ಶ್ರೀರಾಂಪುರದ ಬ್ಯಾಪ್ಟಿಸ್ಟರೂ 1800ರಲ್ಲಿ ಬೆರಳೆಣಿಕೆಯ ಜನರೇ. 1812ರ ಮಾರ್ಚ್ 11ರಂದು ಅವರ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ವಿಲಿಯಂ ಕೇರಿಯವರ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ, ತೆಲುಗು ವ್ಯಾಕರಣ, ಬಂಗಾಳಿ ನಿಘಂಟಿನ ಹಲವು ಪುಟಗಳು ಬೂದಿಯಾದವು. ಅವರು ನಷ್ಟವನ್ನು ಬರೆದಿಟ್ಟರು, ಮತ್ತೆ ಕುಳಿತು ದುಡಿದರು. ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ. ಎರಡು ಶತಮಾನಗಳ ಹಿಂದೆ ಅಲ್ಲಿ ಸುಟ್ಟುಹೋದದ್ದು ಏನೆಂದು ಇಂದು ಹೇಳಬಲ್ಲೆವು. ನಮ್ಮೂರ ಅಂಗಳದಲ್ಲಿ ಸುಟ್ಟದ್ದು ಏನೆಂದು ಸುಟ್ಟವನಿಗೇ ಗೊತ್ತಿಲ್ಲ!

ದಾಂಡೇಲಿಯ ಕಾಗದದ ಕಾರ್ಖಾನೆಯ ಕಂಪನಿ ಸ್ಥಾಪನೆಯಾದದ್ದು 1955ರಲ್ಲಿ. ದುಡಿಯಲು ನಾನಾ ಕಡೆಯಿಂದ ಬಂದವರು ತಂತಮ್ಮ ದೇವರನ್ನೂ ಜೊತೆಗೆ ತಂದರು. ಅಂಥ ಕೂಲಿಕಾರನ ಹೆಸರನ್ನು ಸರಕಾರಿ ಇತಿಹಾಸ ಬರೆಯುವುದಿಲ್ಲ. ಅವನ ಮದುವೆ, ಅವನ ಮಗುವಿನ ಮರಣ, ಅವನು ಗೋಡೆಗೆ ಕೊಟ್ಟ ನಾಲ್ಕಾಣೆ ಇವೆಲ್ಲ ಇದ್ದುದು ಆ ರಿಜಿಸ್ಟರಿನಲ್ಲಿ ಮಾತ್ರ. ಅದನ್ನು ಸುಟ್ಟು, ಅಮೃತಶಿಲೆಯ ಮೇಲೆ ಉದ್ಘಾಟಕರ ಹೆಸರು ಕೊರೆಸಿದ್ದಾರೆ.

ಎಂಬತ್ತು ದಾಟಿದ ಮೂವರು ಅಜ್ಜಿಯರು ಆ ಸಭೆಯಲ್ಲಿ ಇನ್ನೂ ಇದ್ದಾರೆ. ನೋಟುಬುಕ್ಕು ಹಿಡಿದು ಅವರೆದುರು ಕೂಡು, ಬಿಡುಗಡೆಯನ್ನು ಎರಡು ತಿಂಗಳು ಮುಂದೂಡು ಎಂದೆ. ಆಗುವುದಿಲ್ಲವಂತೆ, ಅತಿಥಿಗಳ ದಿನಾಂಕ ನಿಶ್ಚಯವಾಗಿದೆ.