ಹೊಳೆಯದ ಪಟ್ಟಿ, ಉಳಿಯದ ಜೀವ

ಹೆದ್ದಾರಿ ಗುಂಡಿ ಮುಚ್ಚುವ ಕೂಲಿಯವನ ಮೈಮೇಲೆ ಕಿತ್ತಳೆ ಜಾಕೆಟ್ಟು ಬಿದ್ದರೆ ಸಾಕು, ಕಾನೂನು ಪಾಲಿಸಿದಂತೆ ಎಂಬುದು ಕೆಲವು ಗುತ್ತಿಗೆದಾರರ ಲೆಕ್ಕ. ಲಾರಿ ಡ್ರೈವರನ ಕಣ್ಣಿನ ಲೆಕ್ಕವೇ ಬೇರೆ. ಮಿಂಚುಬಣ್ಣ ಕೆಲಸ ಮಾಡೋದು ಹಗಲಲ್ಲಿ. ಕತ್ತಲಾದರೆ ಹೆಡ್‌ಲೈಟಿನ ಬೆಳಕನ್ನು ಡ್ರೈವರನತ್ತಲೇ ತಿರುಗಿಸಿ ಕಳಿಸೋದು ಬೆಳ್ಳಿಪಟ್ಟಿ. ಎರಡೂ ಬೇಕು, ಅಳತೆಗೆ ತಕ್ಕಂತೆ ಬೇಕು.

2013ರ ಐಎಸ್‌ಓ 20471 ಪ್ರಕಾರ, ವೇಗದ ರಸ್ತೆಗೆ ತಕ್ಕ ಮೂರನೇ ದರ್ಜೆಯ ಉಡುಪಿನಲ್ಲಿ ಕನಿಷ್ಠ 0.80 ಚದರ ಮೀಟರ್ ಮಿಂಚುಬಣ್ಣ, 0.20 ಚದರ ಮೀಟರ್ ಪಟ್ಟಿ ಇರಬೇಕು. ಪಟ್ಟಿಯ ಅಗಲ 50 ಮಿಲಿಮೀಟರಿಗೆ ಕಮ್ಮಿಯಾಗಕೂಡದು. ತೋಳಿಲ್ಲದ ಜಾಕೆಟ್ಟೊಂದೇ ಈ ದರ್ಜೆಗೆ ಸಾಲದು. ಭಾರತದ ಮಾನಕ ಐಎಸ್ 15809.

ಕೊಳ್ಳುವವರು ರೇಟು ನೋಡುವ ಮುಂಚೆ ಲೇಬಲ್ ನೋಡಲಿ; ಎಷ್ಟು ಸಲ ಒಗೆಯಬಹುದು ಅಂತಲೂ ವಿಚಾರಿಸಲಿ. ಡಾಂಬರು ಮೆತ್ತಿ ಮಂಕಾದ ಮೇಲೆ ಅದು ಬರೀ ಬಟ್ಟೆ. ಉಳಿತಾಯ ಗುತ್ತಿಗೆದಾರನದು, ಹೋಗೋ ಜೀವ ಕೂಲಿಯವನದು.